ದೂರಿನ ಬೆನ್ನಲ್ಲೇ ಬಂದ ಮೆಮೊ: ತಾರತಮ್ಯ ಮತ್ತು ಸೇಡಿನ ಕ್ರಮದ ಕೇಸುಗಳಿಂದ ದೂರವಿರಲು ಮಾಲೀಕರಿಗೊಂದು ಮಾರ್ಗದರ್ಶಿ

ಒಂದು ಗಾರ್ಮೆಂಟ್ಸ್ ಘಟಕ ಎಂದುಕೊಳ್ಳಿ. ಸೋಮವಾರ ಚೆಕಿಂಗ್ ಟೇಬಲ್‌ನ ಹೆಣ್ಣುಮಗಳೊಬ್ಬರು ಫ್ಲೋರ್ ಇನ್‌ಚಾರ್ಜ್ ಮೇಲೆ ಎಚ್‌ಆರ್‌ಗೆ ದೂರು ಬರೆದು ಕೊಡುತ್ತಾರೆ. ಗುರುವಾರ ಅವರ ಕೈಗೆ ಮೆಮೊ ಬರುತ್ತದೆ: 'ನಿಮ್ಮ ಕೆಲಸ ತೃಪ್ತಿಕರವಾಗಿಲ್ಲ.' ಐದು ವರ್ಷದ ಸರ್ವಿಸಿನಲ್ಲಿ ಅವರಿಗೆ ಬಂದ ಮೊದಲ ಮೆಮೊ ಅದು. ಇನ್‌ಚಾರ್ಜ್ ತಪ್ಪು ಮಾಡಿದ್ದನೋ ಇಲ್ಲವೋ ಎಂಬುದು ಮುಂದೆ ಸಾಬೀತಾಗಬೇಕಾದ ವಿಷಯ. ಆ ಮೆಮೊ ಮಾತ್ರ ಆಗಲೇ ಸಾಕ್ಷಿಯಾಗಿ ನಿಂತುಬಿಟ್ಟಿದೆ, ಅದೂ ಮಾಲೀಕರೇ ಲೆಟರ್‌ಹೆಡ್ ಮೇಲೆ ಸಹಿ ಹಾಕಿ ಕೊಟ್ಟ ಸಾಕ್ಷಿ.

ಇಂಥ ಕೇಸುಗಳಲ್ಲಿ ಮಾಲೀಕರ ಕೈ ಸುಡುವುದು ಮೂಲ ದೂರಿನಿಂದಲ್ಲ, ದೂರು ಬಂದ ಮೇಲಿನ ಎರಡು ಮೂರು ತಿಂಗಳಲ್ಲಿ ತಾವೇ ಮಾಡಿಕೊಂಡ ಕೆಲಸಗಳಿಂದ. ಅದಕ್ಕೇ ಈ ಲೇಖನದಲ್ಲಿ ಆ ತಿಂಗಳುಗಳಿಗೆ ಹೆಚ್ಚು ಜಾಗ.

ನಮ್ಮ ದೇಶದಲ್ಲಿ 'ಕೆಲಸದ ಜಾಗದ ತಾರತಮ್ಯ' ಎಂಬ ಹೆಸರಿನ ಒಂದೇ ಕಾಯ್ದೆ ಇಲ್ಲ. ಸಂಬಳದ್ದು 2019ರ ವೇತನ ಸಂಹಿತೆಯಲ್ಲಿದೆ, ಹೆರಿಗೆಯದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ವಜಾ ಮತ್ತು ವರ್ಗಾವಣೆಯದು ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ. ಈ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ಜನರ ಬಾಯಲ್ಲಿ, ವಕೀಲರ ಕಡತದಲ್ಲಿ ಹಳೆಯ ಕಾಯ್ದೆಗಳ ಹೆಸರೇ ಇನ್ನೂ ಓಡಾಡುತ್ತಿದೆ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ, ಅಂಗವಿಕಲರಿಗೆ 2016ರದು, ಎಚ್‌ಐವಿ ಇರುವವರಿಗೆ 2017ರದು, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರದು ಬೇರೆಬೇರೆಯಾಗಿಯೇ ಇವೆ. 'ಅಂಥ ಕಾನೂನು ನಮಗೆ ಅನ್ವಯಿಸಲ್ಲ' ಎಂದುಕೊಂಡಿರುವ ಸಣ್ಣ ಘಟಕದ ಮೇಲೂ ಇವುಗಳಲ್ಲಿ ನಾಲ್ಕೈದಾದರೂ ಅನ್ವಯಿಸುತ್ತಲೇ ಇರುತ್ತವೆ.

ಹೆಜ್ಜೆ 1: ಮೊದಲು ತಲೆ ಎಣಿಸಿ

ಯಾವ ಸಮಿತಿ ಬೇಕು, ಯಾವ ಅಧಿಕಾರಿ ಬೇಕು ಎಂಬುದು ನಿಂತಿರುವುದು ತಲೆಯೆಣಿಕೆಯ ಮೇಲೆ. ಎಣಿಸುವಾಗ ಬರೀ ಮಸ್ಟರ್ ರೋಲ್ ನೋಡಬೇಡಿ. ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಕಾಂಟ್ರ್ಯಾಕ್ಟ್ ಮೇಲೆ ಬಂದ ಹೌಸ್‌ಕೀಪಿಂಗ್‌ನವರು, ಟ್ರೈನಿಗಳು, ಅಪ್ರೆಂಟಿಸ್‌ಗಳು, ದಿನಗೂಲಿಯವರು ಎಲ್ಲರೂ ಉದ್ಯೋಗಿಗಳೇ.

ಹತ್ತು ಜನರಾದರೆ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿ ಕಡ್ಡಾಯ. ಇಪ್ಪತ್ತು ಕಾರ್ಮಿಕರಾದರೆ ಕುಂದುಕೊರತೆ ಸಮಿತಿ. ಅದರಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮಸಮ ಇರಬೇಕು, ಒಟ್ಟು ಹತ್ತು ಜನ ಮೀರಬಾರದು. ಇಪ್ಪತ್ತು ಜನರಿರುವ ಖಾಸಗಿ ಸಂಸ್ಥೆ ಅಂಗವಿಕಲರ ಸಮಾನ ಅವಕಾಶ ನೀತಿಯಲ್ಲಿ ಸಂಪರ್ಕ ಅಧಿಕಾರಿಯನ್ನೂ ಹೆಸರಿಸಬೇಕು. ಐವತ್ತಾದರೆ ಶಿಶುಪಾಲನಾ ಕೊಠಡಿ. ನೂರಾದರೆ ಎಚ್‌ಐವಿ ಕಾಯ್ದೆಯ ಪ್ರಕಾರ ದೂರು ಅಧಿಕಾರಿ. ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಿಗಾದರೆ ಇಪ್ಪತ್ತಕ್ಕೇ. ಮುನ್ನೂರು ಕಾರ್ಮಿಕರಾದರೆ ಸ್ಥಾಯಿ ಆದೇಶ, ಅಂದರೆ ಕೆಲಸದ ಷರತ್ತು, ಶಿಸ್ತಿನ ಲಿಖಿತ ನಿಯಮಾವಳಿ.

ಐಟಿ, ಬಿಪಿಒ ಕಂಪನಿಗಳಿಗೆ ಒಂದು ಮಾತು. ಸ್ಥಾಯಿ ಆದೇಶದಿಂದ ಕರ್ನಾಟಕ ಸರ್ಕಾರ ಕೊಟ್ಟಿದ್ದ ವಿನಾಯಿತಿ 2024ರ ಜೂನ್‌ನಲ್ಲಿ ಮತ್ತೆ ಐದು ವರ್ಷಕ್ಕೆ ಮುಂದುವರಿಯಿತು, ಆದರೆ ಷರತ್ತುಗಳ ಮೇಲೆ: ಆಂತರಿಕ ಸಮಿತಿ ಇರಬೇಕು, ಕುಂದುಕೊರತೆ ಸಮಿತಿ ಇರಬೇಕು, ಅಮಾನತು, ಹಿಂಬಡ್ತಿ, ವಜಾ ಇವುಗಳ ಮಾಹಿತಿ ಕಾರ್ಮಿಕ ಇಲಾಖೆಗೆ ಹೋಗಬೇಕು. ವಿನಾಯಿತಿ ನೆನಪಿಟ್ಟುಕೊಂಡು ಷರತ್ತು ಮರೆಯುವವರೇ ಹೆಚ್ಚು. ಕೇಸು ಬಿದ್ದಾಗ ಎದುರು ಪಕ್ಷದ ವಕೀಲರು ಮೊದಲು ಕೇಳುವುದು ಆ ಮಾಹಿತಿ ಪತ್ರದ ಪ್ರತಿಯನ್ನೇ.

ಆಂತರಿಕ ಸಮಿತಿಯ ರಚನೆಯಲ್ಲಿ ಎಡವುವ ಜಾಗಗಳು ಗೊತ್ತಿರುವಂಥವೇ. ಅಧ್ಯಕ್ಷೆ ಹಿರಿಯ ಹುದ್ದೆಯ ಮಹಿಳೆಯೇ ಆಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರಿರಬೇಕು, ಸ್ವಯಂಸೇವಾ ಸಂಸ್ಥೆಯಿಂದ ಅಥವಾ ಈ ವಿಷಯ ಬಲ್ಲವರಿಂದ ಒಬ್ಬ ಹೊರಗಿನ ಸದಸ್ಯರಿರಬೇಕು. ಮಾಲೀಕರ ಅತ್ತಿಗೆಯನ್ನೋ ಕಂಪನಿಯ ಆಡಿಟರನ್ನೋ 'ಹೊರಗಿನವರು' ಎಂದು ಕೂರಿಸಿದರೆ ಇಡೀ ವರದಿಯೇ ಅಲ್ಲಾಡುತ್ತದೆ. ಬ್ರಾಂಚ್ ಬೇರೆ ಊರಲ್ಲಿದ್ದರೆ ಅಲ್ಲಿಗೆ ಬೇರೆಯೇ ಸಮಿತಿ ಬೇಕು. ಸದಸ್ಯರ ಅವಧಿ ಮೂರು ವರ್ಷ. ಗೋಡೆಯ ಮೇಲಿನ ಬೋರ್ಡಿನಲ್ಲಿ ಕೆಲಸ ಬಿಟ್ಟುಹೋದವರ ಹೆಸರು ಉಳಿದಿದೆಯೇ ಎಂದು ಇವತ್ತೇ ಎದ್ದು ಹೋಗಿ ನೋಡಿ. ಸಮಿತಿಯೇ ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ಮತ್ತೆ ಸಿಕ್ಕಿಬಿದ್ದರೆ ಅದರ ಇಮ್ಮಡಿ, ಜೊತೆಗೆ ಲೈಸೆನ್ಸ್‌ಗೂ ಕುತ್ತು.

ಹೆಜ್ಜೆ 2: ಸಂದರ್ಶನದ ಪ್ರಶ್ನೆ, ಸಂಬಳದ ಹಾಳೆ

'ಮದುವೆ ಯಾವಾಗ?', 'ಮಕ್ಕಳ ಪ್ಲಾನ್ ಇದೆಯಾ?', 'ಅತ್ತೆ ಮನೆಯವರು ನೈಟ್ ಶಿಫ್ಟಿಗೆ ಬಿಡ್ತಾರಾ?' ಇವನ್ನು ಸಂದರ್ಶನದಲ್ಲಿ ಕೇಳಬೇಡಿ. ನೇಮಕಾತಿಯಲ್ಲೂ ಲಿಂಗ ತಾರತಮ್ಯ ಮಾಡಕೂಡದೆಂದು ವೇತನ ಸಂಹಿತೆಯ 3ನೇ ಸೆಕ್ಷನ್ ಹೇಳುತ್ತದೆ. ಶಿಫ್ಟ್ ಮುಖ್ಯವಾದರೆ ಶಿಫ್ಟಿನ ವೇಳೆ ಹೇಳಿ, 'ಈ ವೇಳೆಗೆ ಬರಲು ಆಗುತ್ತದೆಯೇ?' ಎಂದು ಗಂಡಸಿಗೂ ಹೆಂಗಸಿಗೂ ಒಂದೇ ಪ್ರಶ್ನೆ ಹಾಕಿ. 'ಯಾವ ಕಡೆಯವರು ನೀವು?' ಎಂದು ಊರಿನ ನೆಪದಲ್ಲಿ ಜಾತಿ ಕೇಳುವ ಚಾಳಿ ನಮ್ಮಲ್ಲಿ ಹಳೆಯದು. ಅದಕ್ಕೂ ಹುದ್ದೆಗೂ ಸಂಬಂಧವಿಲ್ಲ. ಆಮೇಲೆ ಆ ಅಭ್ಯರ್ಥಿಗೆ ಕೆಲಸ ಸಿಗದಿದ್ದರೆ ಆ ಒಂದು ಪ್ರಶ್ನೆಯೇ ಉಳಿದುಕೊಳ್ಳುತ್ತದೆ.

ಸಂಬಳದ ವಿಷಯಕ್ಕೆ ಅರ್ಧ ದಿನ ಕೊಡಿ. ಒಂದು ಹಾಳೆಯಲ್ಲಿ ಹುದ್ದೆಯ ಹೆಸರನ್ನು ಬಿಟ್ಟು, ನಿಜವಾಗಿ ಮಾಡುವ ಕೆಲಸದ ಪ್ರಕಾರ ಜನರನ್ನು ಗುಂಪು ಮಾಡಿ. ಪಕ್ಕದಲ್ಲಿ ಲಿಂಗ, ಸೇರಿದ ವರ್ಷ, ಈಗಿನ ಸಂಬಳ, ಕೊನೆಯ ಇಂಕ್ರಿಮೆಂಟ್ ಬರೆಯಿರಿ. ಒಂದೇ ಕೆಲಸಕ್ಕೆ 'ಹೆಲ್ಪರ್' ಎಂದು ಹೆಂಗಸಿಗೂ 'ಅಸಿಸ್ಟೆಂಟ್' ಎಂದು ಗಂಡಸಿಗೂ ಹೆಸರಿಟ್ಟು ಎರಡು ದರ ಕೊಡುತ್ತಿದ್ದರೆ ಅದು ಹಾಳೆಯ ಮೇಲೆ ತಾನಾಗಿಯೇ ಎದ್ದು ಕಾಣುತ್ತದೆ. ಮೆಕಿನನ್ ಮೆಕೆಂಝಿ ಕಂಪನಿಯ ಮಹಿಳಾ ಸ್ಟೆನೋಗ್ರಾಫರ್‌ಗಳ ಪ್ರಕರಣದಲ್ಲಿ 1987ರಲ್ಲೇ ಸುಪ್ರೀಂ ಕೋರ್ಟ್, ಕೆಲಸ ಒಂದೇ ಬಗೆಯದಾಗಿದ್ದರೆ ಹೆಸರು ಬೇರೆ ಮಾಡಿ ಸಂಬಳ ಬೇರೆ ಮಾಡುವಂತಿಲ್ಲ ಎಂದಿತ್ತು. ವ್ಯತ್ಯಾಸ ಸಿಕ್ಕರೆ ಕಡಿಮೆ ಇರುವವರದನ್ನು ಏರಿಸಬೇಕೇ ಹೊರತು ಹೆಚ್ಚು ಇರುವವರದನ್ನು ಇಳಿಸಿ ಸಮ ಮಾಡುವಂತಿಲ್ಲ. ಅದನ್ನೂ ಅದೇ ಸೆಕ್ಷನ್ ತಡೆಯುತ್ತದೆ.

ಹೆಜ್ಜೆ 3: ಬಸುರಿ, ಬಾಣಂತಿ, ಪ್ರೊಬೇಷನ್

ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ 26 ವಾರಗಳ ಸಂಬಳ ಸಹಿತ ರಜೆ. ಬದುಕಿರುವ ಇಬ್ಬರು ಮಕ್ಕಳಿದ್ದರೆ 12 ವಾರ. ಇದು ಎಲ್ಲರಿಗೂ ಗೊತ್ತು. ಎಡವುವುದು ಮೂರು ಕಡೆ.

ಮೊದಲನೆಯದು, ಗರ್ಭಿಣಿಯೆಂದು ತಿಳಿದ ಮೇಲೆ ಪ್ರೊಬೇಷನ್ ಮುಗಿಸಿ ಮನೆಗೆ ಕಳಿಸುವುದು. ಪ್ರೊಬೇಷನ್‌ನಲ್ಲಿದ್ದಾರೆಂಬುದು ಮಾಲೀಕರಿಗೆ ರಕ್ಷಣೆ ಕೊಡುವುದಿಲ್ಲ. 'ಕೆಲಸ ಸರಿಯಿಲ್ಲ' ಎಂಬುದಕ್ಕೆ ಗರ್ಭದ ಸುದ್ದಿ ಬರುವ ಮುಂಚಿನ ತಾರೀಕಿನ ಕಾಗದ ಇದ್ದರೆ ಮಾತ್ರ ಮಾತಾಡಬಹುದು. ಎರಡನೆಯದು, ಒಂದು ವರ್ಷದ ಕರಾರು ರಜೆಯ ಮಧ್ಯೆ ಮುಗಿಯುತ್ತದೆಂದು ಸಂಬಳ ನಿಲ್ಲಿಸುವುದು. ಅರ್ಹತೆ ಬಂದ ಮೇಲೆ ಕರಾರಿನ ಅವಧಿ ದಾಟಿದರೂ ಹೆರಿಗೆ ಸೌಲಭ್ಯ ಸಲ್ಲುತ್ತದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೂರನೆಯದು ಎಲ್ಲಕ್ಕಿಂತ ಸಾಮಾನ್ಯ: ವಾಪಸ್ ಬಂದವರಿಗೆ ಹಳೆಯ ಟೀಮ್ ಇಲ್ಲ, ಹಳೆಯ ಸೀಟಿಲ್ಲ, ಅಪ್ರೈಸಲ್‌ನಲ್ಲಿ 'ಈ ವರ್ಷ ಹಾಜರಿ ಕಡಿಮೆ' ಎಂಬ ಷರಾ. ರಜೆಯ ಆರು ತಿಂಗಳನ್ನು ಲೆಕ್ಕದಿಂದ ತೆಗೆದು, ಕೆಲಸ ಮಾಡಿದ ತಿಂಗಳಿಗಷ್ಟೇ ರೇಟಿಂಗ್ ಕೊಡಿ.

ಹೆಜ್ಜೆ 4: ದೂರು ಕೈಗೆ ಬಂದ ದಿನ

ದೂರು ವಾಟ್ಸಾಪ್‌ನಲ್ಲಿ ಬರಲಿ, ಕ್ಯಾಂಟೀನಿನಲ್ಲಿ ಬಾಯಿ ಮಾತಲ್ಲಿ ಬರಲಿ, 'ಬರವಣಿಗೆಯಲ್ಲಿ ಕೊಡಿ, ಆಮೇಲೆ ನೋಡೋಣ' ಎಂದು ಕಳಿಸಬೇಡಿ. ಲೈಂಗಿಕ ಕಿರುಕುಳದ ದೂರಾದರೆ ಬರೆದುಕೊಡಲು ನೆರವಾಗುವುದು ಸಮಿತಿಯ ಕರ್ತವ್ಯವೆಂದೇ ಕಾಯ್ದೆ ಹೇಳಿದೆ. ಅವತ್ತೇ ಇಷ್ಟು ಮಾಡಿ:

- ತಾರೀಕು, ವೇಳೆ ಹಾಕಿ ಸ್ವೀಕೃತಿ ಕೊಡಿ.
- ದೂರುದಾರರ ಕಳೆದ ಎರಡು ವರ್ಷದ ಫೈಲನ್ನು ಅವತ್ತಿನ ಸ್ಥಿತಿಯಲ್ಲೇ ಸ್ಕ್ಯಾನ್ ಮಾಡಿಡಿ: ಅಪ್ರೈಸಲ್, ಹಾಜರಿ, ಹಳೆಯ ಮೆಮೊ, ಎಲ್ಲವನ್ನೂ. ಆಮೇಲೆ ಅದರೊಳಗೆ ಹಿಂದಿನ ತಾರೀಕಿನ ಕಾಗದ ಸೇರಿಸಲು ಯಾರಿಗೂ ದಾರಿ ಇರಬಾರದು.
- ಸಿಸಿಟಿವಿ ದೃಶ್ಯ ತೆಗೆದಿಡಿ. ದೃಶ್ಯ ದಾಖಲಿಸುವ ಯಂತ್ರ (ಡಿವಿಆರ್) ತುಂಬಿದ ಮೇಲೆ ಹಳೆಯದರ ಮೇಲೇ ಹೊಸದು ಬೀಳುತ್ತದೆ. ಡಿಸ್ಕ್ ಚಿಕ್ಕದಾದರೆ 15 ದಿನವೂ ಉಳಿಯುವುದಿಲ್ಲ.
- ದೂರು ಯಾರ ಮೇಲಿದೆಯೋ ಅವರನ್ನು ಕೂರಿಸಿ ಹೇಳಿ, ಹೇಳಿದ್ದನ್ನು ಬರೆದು ಸಹಿ ಪಡೆಯಿರಿ: 'ದೂರುದಾರರ ರಜೆ, ಶಿಫ್ಟ್, ಟಾರ್ಗೆಟ್, ರೇಟಿಂಗ್ ಯಾವುದನ್ನೂ ನೀವು ಇನ್ನು ಮುಂದೆ ನಿರ್ಧರಿಸುವಂತಿಲ್ಲ. ಅವರ ಬಗ್ಗೆ ಏನಾದರೂ ಹೇಳಬೇಕಾದರೆ ಎಚ್‌ಆರ್‌ಗೆ ಮಾತ್ರ.'

ಈ ಕೊನೆಯದು ಮಾಲೀಕರು ಕೈತಪ್ಪಿಸಿಕೊಳ್ಳುವ ಅತಿ ಅಗ್ಗದ ರಕ್ಷಣೆ. ಲೈಂಗಿಕ ಕಿರುಕುಳದ ಪ್ರಕರಣದಲ್ಲಿ ದೂರುದಾರರ ಲಿಖಿತ ಕೋರಿಕೆಯ ಮೇಲೆ ಇದನ್ನು ಶಿಫಾರಸು ಮಾಡುವ ಅಧಿಕಾರ ಸಮಿತಿಗೆ 2013ರ ನಿಯಮಗಳಲ್ಲೇ ಇದೆ: ಎದುರುದಾರರು (ದೂರು ಯಾರ ಮೇಲಿದೆಯೋ ಅವರು) ದೂರುದಾರರ ಕೆಲಸದ ಬಗ್ಗೆ ವರದಿ ಬರೆಯುವಂತಿಲ್ಲ, ಆ ಹೊಣೆ ಬೇರೊಬ್ಬ ಅಧಿಕಾರಿಗೆ ಹೋಗಬೇಕು. ಜಾತಿ, ಸಂಬಳ, ಅಂಗವೈಕಲ್ಯದ ದೂರುಗಳಿಗೂ ಇದನ್ನೇ ನಿಮ್ಮ ಪದ್ಧತಿ ಮಾಡಿಕೊಳ್ಳಲು ಯಾವ ಕಾನೂನಿನ ಅಡ್ಡಿಯೂ ಇಲ್ಲ.

ದೂರುದಾರರನ್ನು ಬೇರೆ ಕಡೆ ಹಾಕಬೇಕೆಂದರೆ ಅವರೇ ಲಿಖಿತವಾಗಿ ಕೇಳಿರಬೇಕು. 'ನಿಮ್ಮ ಒಳ್ಳೆಯದಕ್ಕೇ' ಎಂದು ನೀವಾಗಿ ಎತ್ತಂಗಡಿ ಮಾಡಿದರೆ ಅದೇ ಶಿಕ್ಷೆಯಾಗಿ ಕಾಣುತ್ತದೆ. ಸರಿಸಲೇಬೇಕಾದರೆ ಎದುರುದಾರರನ್ನು ಸರಿಸಿ. ಸಮಿತಿ ಶಿಫಾರಸು ಮಾಡಿದರೆ ದೂರುದಾರರಿಗೆ ಮೂರು ತಿಂಗಳವರೆಗೆ ರಜೆ ಕೊಡಬಹುದು. ಅದು ಅವರ ಮಾಮೂಲಿ ರಜೆಯ ಲೆಕ್ಕದಿಂದ ಹೊರಗೆ.

ಲೈಂಗಿಕ ಕಿರುಕುಳದ ದೂರಿನ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳಿ. ಘಟನೆಯಾದ ಮೂರು ತಿಂಗಳೊಳಗೆ ದೂರು (ಕಾರಣ ಬರೆದಿಟ್ಟು ಇನ್ನೂ ಮೂರು ತಿಂಗಳು ಕೊಡಬಹುದು), ಏಳು ಕೆಲಸದ ದಿನದೊಳಗೆ ಪ್ರತಿ ಎದುರುದಾರರಿಗೆ, ಹತ್ತು ಕೆಲಸದ ದಿನದೊಳಗೆ ಅವರ ಉತ್ತರ, 90 ದಿನದೊಳಗೆ ವಿಚಾರಣೆ ಮುಕ್ತಾಯ, ಹತ್ತು ದಿನದೊಳಗೆ ವರದಿ, 60 ದಿನದೊಳಗೆ ಮಾಲೀಕರ ಕ್ರಮ. ವಿಚಾರಣೆಗೆ ಕೂರುವಾಗ ಅಧ್ಯಕ್ಷೆ ಸೇರಿ ಮೂವರಾದರೂ ಇರಬೇಕು. ಎರಡೂ ಕಡೆಗೆ ವಕೀಲರನ್ನು ಕರೆತರುವಂತಿಲ್ಲ. ರಾಜಿಗೆ ದೂರುದಾರರೇ ಮುಂದೆ ಬರಬೇಕು, ಮತ್ತು ಹಣ ಕೊಟ್ಟು ರಾಜಿ ಮಾಡುವಂತಿಲ್ಲ.

ದೂರು ಸಾಬೀತಾಗಲಿಲ್ಲವೆಂದರೆ ಅದು ಸುಳ್ಳು ದೂರೆಂದು ಅರ್ಥವಲ್ಲ. ದುರುದ್ದೇಶವಿತ್ತೆಂದು ಪ್ರತ್ಯೇಕ ವಿಚಾರಣೆಯಲ್ಲಿ ಸಾಬೀತಾಗದ ಹೊರತು ದೂರುದಾರರ ಮೇಲೆ ಕ್ರಮ ಕೂಡದು. ವರದಿ ಬಂದ ಮರುವಾರ 'ಕಂಪನಿಯ ಹೆಸರು ಕೆಡಿಸಿದ್ದಕ್ಕೆ' ನೋಟಿಸ್ ಕೊಟ್ಟು, ಗೆದ್ದ ಕೇಸನ್ನೇ ಸೋತವರಿದ್ದಾರೆ.

ಜಾತಿ ನಿಂದನೆಯ ದೂರಿಗೆ ಬೇರೆಯೇ ದಾರಿ. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನ ನೋಡುವಂತೆ ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅದು ಅಪರಾಧ. ಎಚ್‌ಆರ್ ರೂಮಿನಲ್ಲಿ ಕೈಕುಲುಕಿಸಿ ಮುಗಿಸಲು ಹೋಗಬೇಡಿ, ಪೊಲೀಸರ ಬಳಿ ಹೋಗುವವರನ್ನು ತಡೆಯಲೂಬೇಡಿ. ಆಂತರಿಕ ಶಿಸ್ತು ಕ್ರಮ ಅದರ ಪಕ್ಕದಲ್ಲಿ ಬೇರೆಯಾಗಿ ನಡೆಯಲಿ.

ಹೆಜ್ಜೆ 5: ದೂರು ಕೊಟ್ಟವರ ಮೇಲೆಯೇ ಕ್ರಮ ತೆಗೆದುಕೊಳ್ಳಬೇಕಾಗಿ ಬಂದರೆ

ದೂರು ಕೊಟ್ಟರೆಂದ ಮಾತ್ರಕ್ಕೆ ಅವರು ಕಳ್ಳತನ ಮಾಡಿದರೂ ಮುಟ್ಟಬಾರದೆಂದಿಲ್ಲ. ಆದರೆ ಕಡತ ಮುಟ್ಟುವ ಮುನ್ನ ಒಂದು ಹಾಳೆ ತೆಗೆದುಕೊಂಡು ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ. ಈ ತಪ್ಪು ದೂರಿಗೆ ಮುಂಚಿನದೋ, ನಂತರದ್ದೋ? ಕಳೆದ ಎರಡು ವರ್ಷದಲ್ಲಿ ಇದೇ ತಪ್ಪು ಮಾಡಿದ ಬೇರೆಯವರು ಯಾರು, ಅವರಿಗೆ ಏನು ಶಿಕ್ಷೆಯಾಯಿತು? ಈ ತಪ್ಪನ್ನು ಕಂಡುಹಿಡಿದವರು ಯಾರು, ದೂರಿನಲ್ಲಿ ಅವರ ಹೆಸರಿದೆಯೇ? ನಿರ್ಧಾರ ಮಾಡುವವರು ದೂರಿಗೆ ಸಂಬಂಧವೇ ಇಲ್ಲದವರೇ?

ಎರಡನೆಯದು ಎಲ್ಲಕ್ಕಿಂತ ಭಾರ. ಹತ್ತು ನಿಮಿಷ ತಡವಾಗಿ ಪಂಚ್ ಮಾಡಿದ ಹನ್ನೊಂದು ಜನರಿಗೆ ಬಾಯಿಮಾತಿನ ಎಚ್ಚರಿಕೆ ಕೊಟ್ಟು, ದೂರು ಕೊಟ್ಟ ಹನ್ನೆರಡನೆಯವರಿಗೆ ಮಾತ್ರ ಒಂದು ದಿನದ ಸಂಬಳ ಕಡಿದರೆ, ತಡವಾಗಿ ಬಂದದ್ದು ನಿಜವಾದರೂ ಕೇಸು ನಿಮ್ಮ ಕೈಬಿಟ್ಟಿತೆಂದೇ ಲೆಕ್ಕ. ಸಣ್ಣ ತಪ್ಪಿಗೆ ದೊಡ್ಡ ಶಿಕ್ಷೆ, ಆಡಳಿತದ ನೆಪದಲ್ಲಿ ದುರುದ್ದೇಶದ ವರ್ಗಾವಣೆ, ಹೇಳದೆ ಗೈರಾದರೆಂಬ ಕಟ್ಟುಕಥೆ, ವಿವಾದದಲ್ಲಿ ಸಾಕ್ಷಿ ಹೇಳಿದ್ದಕ್ಕೆ ಕಿರುಕುಳ, ಇವೆಲ್ಲ ಕೈಗಾರಿಕಾ ಸಂಬಂಧ ಸಂಹಿತೆಯ 'ಅನುಚಿತ ಕಾರ್ಮಿಕ ಪದ್ಧತಿ'ಗಳ ಪಟ್ಟಿಯಲ್ಲಿ ಒಂದೊಂದಾಗಿ ಬರೆದಿವೆ. ಸಾಕ್ಷಿಗಳನ್ನು ಮರೆಯಬೇಡಿ. ದೂರುದಾರರ ಪರ ಮಾತಾಡಿದ ಪಕ್ಕದ ಟೇಬಲ್‌ನವರಿಗೆ ಓಟಿ ನಿಂತುಹೋದರೆ ಅದೂ ಸೇಡಿನ ಕ್ರಮವೇ.

ನೋಟಿಸಿನ ಭಾಷೆ ನೋಡಿ. ಹೀಗೆ ಬರೆಯಬೇಡಿ: 'ನಿಮ್ಮ ನಡವಳಿಕೆ ಇತ್ತೀಚೆಗೆ ಸರಿಯಿಲ್ಲ, ಟೀಮ್ ಜೊತೆ ಹೊಂದಾಣಿಕೆ ಇಲ್ಲ.' ದೂರು ಕೊಟ್ಟ ಮೇಲೆ 'ಇತ್ತೀಚೆಗೆ', 'ಹೊಂದಾಣಿಕೆ' ಎಂಬ ಪದಗಳಿಗೆ ಒಂದೇ ಅರ್ಥ. ಹೀಗೆ ಬರೆಯಿರಿ: 'ಮಾರ್ಚ್ 4ರಂದು ಬೆಳಗಿನ ಶಿಫ್ಟಿನಲ್ಲಿ ನೀವು ಚೆಕ್ ಮಾಡಿ ಪಾಸ್ ಮಾಡಿದ 120 ಪೀಸ್‌ಗಳ ಬಂಡಲ್‌ನಲ್ಲಿ 19ಕ್ಕೆ ಹೊಲಿಗೆ ಬಿಟ್ಟಿತ್ತು. ಮರುಪರೀಕ್ಷೆಯ ಹಾಳೆಯ ಪ್ರತಿ ಲಗತ್ತಿಸಿದೆ. ಏಳು ದಿನದೊಳಗೆ ವಿವರಣೆ ಕೊಡಿ.' ದಿನ, ಜಾಗ, ಕೃತ್ಯ, ಕಾಗದ ಇಷ್ಟೇ ಸಾಕು, ವಿಶೇಷಣ ಬೇಡ.

ಹೆಜ್ಜೆ 6: ವಿಚಾರಣೆ

ವಜಾದವರೆಗೆ ಹೋಗಬಹುದಾದ ಆರೋಪವಾದರೆ ಡೊಮೆಸ್ಟಿಕ್ ಎನ್‌ಕ್ವೈರಿ (ಸಂಸ್ಥೆಯೊಳಗೇ ನಡೆಸುವ ವಿಚಾರಣೆ) ಬಿಟ್ಟು ಅಡ್ಡದಾರಿ ಇಲ್ಲ. ಅಂಗಡಿ, ಆಫೀಸುಗಳಲ್ಲೂ ಆರು ತಿಂಗಳು ಸರ್ವಿಸ್ ಆದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯುವಂತಿಲ್ಲವೆಂದು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಹೇಳುತ್ತದೆ. ಇವೆರಡೂ ಇಲ್ಲದೆ ತೆಗೆಯಬೇಕಾದರೆ ದುರ್ನಡತೆ ವಿಚಾರಣೆಯಲ್ಲಿ ಸಾಬೀತಾಗಿರಬೇಕು.

ವಿಚಾರಣಾಧಿಕಾರಿ ಆರೋಪ ಹೊರಿಸಿದವರೂ ಅಲ್ಲ, ಸಾಕ್ಷಿಯೂ ಅಲ್ಲ ಎಂದಿರಬೇಕು. ನಡಾವಳಿ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿರಲಿ. ಕನ್ನಡವಷ್ಟೇ ಬಲ್ಲವರ ಮುಂದೆ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಸಹಿ ಹಾಕಿಸಿಕೊಂಡ ನಡಾವಳಿ, ಒಡಿಯಾ ಹುಡುಗಿಗೆ ಕನ್ನಡದಲ್ಲಿ ಕೊಟ್ಟ ಆರೋಪಪಟ್ಟಿ, ಎರಡೂ ಒಂದೇ ರೋಗ. ಸಾಕ್ಷಿಗಳನ್ನು ಪಾಟೀ ಸವಾಲು ಮಾಡಲು ಬಿಡಿ, ಪ್ರತಿ ಪುಟಕ್ಕೂ ಇಬ್ಬರ ಸಹಿ ಪಡೆಯಿರಿ. ಹಳೆಯ ತಪ್ಪುಗಳನ್ನು ಶಿಕ್ಷೆಗೆ ಲೆಕ್ಕ ಹಿಡಿಯುವುದಾದರೆ ಆರೋಪಪಟ್ಟಿಯಲ್ಲೇ ಅವನ್ನು ಹೇಳಿರಬೇಕು. ಶಿಕ್ಷೆಗೆ ಮುನ್ನ ವಿಚಾರಣಾ ವರದಿಯ ಪ್ರತಿ ಕೊಟ್ಟು ಅವರ ಮಾತು ಕೇಳಬೇಕು. ಸುಪ್ರೀಂ ಕೋರ್ಟಿನ 1993ರ ಕರುಣಾಕರ್ ಪ್ರಕರಣದಿಂದ ಇದು ಗಟ್ಟಿಯಾದ ನಿಯಮ.

ಅಮಾನತಿನಲ್ಲಿಟ್ಟರೆ ಜೀವನಾಧಾರ ಭತ್ಯೆ ಮೊದಲ 90 ದಿನ ಸಂಬಳದ ಅರ್ಧ, ಆಮೇಲೆ ಮುಕ್ಕಾಲು. ಭತ್ಯೆ ಕೊಡದೆ ವಿಚಾರಣೆ ನಡೆಸಿದರೆ, ಊರಿಂದ ಬಂದು ಹೋಗಲು ಬಸ್ ಚಾರ್ಜಿಗೂ ಗತಿಯಿಲ್ಲದವರು ಹೇಗೆ ತಮ್ಮ ಪರ ವಾದಿಸುತ್ತಾರೆ ಎಂಬ ಪ್ರಶ್ನೆಯಲ್ಲೇ ಇಡೀ ವಿಚಾರಣೆ ಬಿದ್ದುಹೋಗಬಹುದು.

ಹೆಜ್ಜೆ 7: ಕೊನೆಯ ದಿನ

ಮೀಟಿಂಗ್ ರೂಮಿಗೆ ಕರೆದು, ಲ್ಯಾಪ್‌ಟಾಪ್ ಇಸಿದುಕೊಂಡು, 'ಅರ್ಧ ಗಂಟೆಯಲ್ಲಿ ರಿಸೈನ್ ಮಾಡಿ, ಇಲ್ಲಾಂದ್ರೆ ಟರ್ಮಿನೇಟ್ ಅಂತ ರೆಕಾರ್ಡಿಗೆ ಹೋಗುತ್ತೆ' ಎಂದು ಬರೆಸಿಕೊಂಡ ರಾಜೀನಾಮೆಯನ್ನು ನಂಬಿ ಕೂರಬೇಡಿ. ಬಲವಂತ ಸಾಬೀತಾದರೆ ಅದು ವಿಚಾರಣೆಯಿಲ್ಲದ ವಜಾ. ತಪ್ಪಾಗಿ ವಜಾ ಮಾಡಿದ್ದರೆ ಕೆಲಸದ ಜೊತೆಗೆ ಹಿಂದಿನ ಸಂಬಳ ಕೊಡಿಸುವುದೇ ಸಾಮಾನ್ಯ ನಿಯಮವೆಂದು 2013ರ ದೀಪಾಲಿ ಗುಂಡು ಸುರ್ವಾಸೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಸು ಆರು ವರ್ಷ ಎಳೆದರೆ ಎಷ್ಟಾಗುತ್ತದೆಂದು ನಿಮ್ಮ ಅಕೌಂಟೆಂಟರನ್ನು ಕೇಳಿ.

ಹೊರಹೋಗುವವರ ಸಂಬಳದ ಲೆಕ್ಕ ಎರಡು ಕೆಲಸದ ದಿನದೊಳಗೆ ಚುಕ್ತಾ ಆಗಬೇಕೆಂದು ವೇತನ ಸಂಹಿತೆ ಹೇಳುತ್ತದೆ. 45 ದಿನದ ಹಳೆಯ ಕಂಪನಿ ರೂಢಿ ಇನ್ನು ನಡೆಯುವುದಿಲ್ಲ. ರಿಲೀವಿಂಗ್ ಲೆಟರನ್ನು ಒತ್ತೆಯಿಟ್ಟುಕೊಂಡು 'ಮೊದಲು ದೂರು ವಾಪಸ್ ತಗೊಳ್ಳಿ' ಎನ್ನುವುದು ಸೇಡಿಗೆ ನೀವೇ ಬರೆದುಕೊಟ್ಟ ಸರ್ಟಿಫಿಕೇಟ್. ಹೊಸ ಕಂಪನಿಯಿಂದ ವೆರಿಫಿಕೇಶನ್ ಕರೆ ಬಂದರೆ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟೇ ಹೇಳಿ, ಎಲ್ಲರಿಗೂ ಇಷ್ಟನ್ನೇ ಹೇಳಿ.

ಹೆಜ್ಜೆ 8: ಕಾರ್ಮಿಕ ಇಲಾಖೆಯಿಂದ ನೋಟಿಸ್ ಬಂದಾಗ

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಿಂದಲೋ ನಿಮ್ಮ ಜಿಲ್ಲೆಯ ಕಾರ್ಮಿಕ ಅಧಿಕಾರಿಯಿಂದಲೋ ಸಂಧಾನದ ನೋಟಿಸ್ ಬಂತೆಂದರೆ ಸಂಬಂಧಪಟ್ಟ ಕಾರ್ಮಿಕರ ಸೇವಾ ಷರತ್ತುಗಳನ್ನು ಅಲ್ಲಿಗೆ ಮುಟ್ಟುವುದು ನಿಲ್ಲಿಸಿ. ಸಂಧಾನ ನಡೆಯುತ್ತಿರುವಾಗ ವಿವಾದಕ್ಕೆ ಸಂಬಂಧಿಸಿದ ತಪ್ಪಿಗೆ ವಜಾ ಮಾಡಲು ಆ ಅಧಿಕಾರಿಯ ಮುಂಚಿತ ಲಿಖಿತ ಅನುಮತಿ ಬೇಕು. ಸಂಬಂಧವಿಲ್ಲದ ತಪ್ಪಾದರೆ ಒಂದು ತಿಂಗಳ ಸಂಬಳ ಕೊಟ್ಟು, ಅನುಮೋದನೆಗೆ ಅರ್ಜಿಯನ್ನೂ ಹಾಕಬೇಕು. ವಜಾ ಆದೇಶ, ಸಂಬಳ, ಅರ್ಜಿ ಮೂರೂ ಒಂದೇ ಉಸಿರಿನಲ್ಲಿ ಆಗಬೇಕು. ಅರ್ಜಿ ಹಾಕದ ವಜಾ ಆಗಿಯೇ ಇಲ್ಲವೆಂಬಂತೆ ಲೆಕ್ಕವೆಂದು 2002ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಮಾನಿಸಿದೆ.

ಸಂಧಾನಕ್ಕೆ ಸಹಿ ಮಾಡುವ ಅಧಿಕಾರವಿಲ್ಲದ ಜೂನಿಯರ್ ಎಚ್‌ಆರ್‌ನನ್ನು ಕಳಿಸಿ ವಾಯಿದೆ ಕೇಳಿಸಬೇಡಿ. ನಿರ್ಧಾರ ಮಾಡಬಲ್ಲವರೇ ಹೋಗಲಿ. ಮ್ಯಾನೇಜರ್‌ಗಳ ವಾಟ್ಸಾಪ್ ಗ್ರೂಪಿನಿಂದ ಯಾವ ಮೆಸೇಜನ್ನೂ ಅಳಿಸಕೂಡದೆಂದು ಅವತ್ತೇ ಲಿಖಿತ ಸೂಚನೆ ಹೋಗಲಿ. ಹೊತ್ತು ಮೀರಿ ಡಿಲೀಟ್ ಮಾಡಿದ ಮೆಸೇಜು ಎದುರು ಕಡೆಯವರ ಫೋನಿನಲ್ಲಿ ಹೇಗೂ ಇರುತ್ತದೆ. ನೀವು ಹಾಜರುಪಡಿಸುವ ಇಮೇಲ್, ಪಂಚಿಂಗ್ ದಾಖಲೆ, ಸಿಸಿಟಿವಿ ದೃಶ್ಯಗಳಿಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲು ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಸಂಖ್ಯೆಯೂ ಬರಬೇಕು. ಆದ್ದರಿಂದ ಕಾಪಿ ಮಾಡುವಾಗಲೇ ಐಟಿ ವಿಭಾಗದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ಯಂತ್ರದಿಂದ, ಯಾವ ದಿನ, ಯಾರು ತೆಗೆದರು ಎಂದು ಬರೆಸಿ ಸಹಿ ಪಡೆದಿಡಿ. ಎರಡು ವರ್ಷ ಬಿಟ್ಟು ಕೇಸು ಸಾಕ್ಷಿಯ ಹಂತಕ್ಕೆ ಬರುವಷ್ಟರಲ್ಲಿ ಆ ಡಿವಿಆರ್ ಗುಜರಿಗೆ ಹೋಗಿರುತ್ತದೆ, ಅದನ್ನು ನೋಡಿಕೊಳ್ಳುತ್ತಿದ್ದ ಹುಡುಗ ಬೇರೆ ಕಂಪನಿ ಸೇರಿರುತ್ತಾನೆ.